ಟ್ಯಾಂಕರ್ ನೀರಿನ ಬಾಹ್ಯಾಕಾಶ

ಬಾಹ್ಯಾಕಾಶದ ಕಥೆಗಳಲ್ಲಿ ಯಾರೂ ನೀರಿನ ಬಿಲ್ ಕಟ್ಟೋದಿಲ್ಲ, ಗಮನಿಸಿದ್ದೀರಾ? ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಪಿಕಾರ್ಡ್‌ಗೆ ಚಹಾ ಬೇಕೆನಿಸಿದರೆ ಗೋಡೆಯ ಕಡೆ ತಿರುಗಿ ಹೇಳಿದರೆ ಸಾಕು. ಗೋಡೆಯೊಳಗಿನ ಯಂತ್ರ ಲೋಟದ ಸಮೇತ ಬಿಸಿ ಚಹಾ ತಯಾರು ಮಾಡಿ ಇಡುತ್ತದೆ. ಆ ನೀರು ಎಲ್ಲಿಂದ ಬಂತು, ಯಾರು ತಂದರು, ತಂದವನಿಗೆ ಸಂಬಳ ಎಷ್ಟು ಅಂತ ಯಾರಾದರೂ ಕೇಳಿದ ನೆನಪು ನನಗಿಲ್ಲ. ಸ್ಟಾರ್ ವಾರ್ಸ್‌ನಲ್ಲಿ ಲ್ಯೂಕ್‌ನ ಚಿಕ್ಕಪ್ಪ ಮರುಭೂಮಿಯ ಗಾಳಿಯಿಂದ ನೀರು ತೆಗೆಯೋ ರೈತ, ನಿಜ. ಆದರೆ ಹುಡುಗನ ಕೈಗೆ ಬೆಳಕಿನ ಕತ್ತಿ ಬಂದ ಮೇಲೆ ಆ ತೋಟದ ಸುದ್ದಿ ಯಾರಿಗೆ ಬೇಕು?

ಅದಕ್ಕೇ 2017ರಲ್ಲಿ ಮೊದಲ ಸಲ 'ದಿ ಎಕ್ಸ್‌ಪ್ಯಾನ್ಸ್' ನೋಡಿದಾಗ ನಾನು ಎದ್ದು ಕೂತೆ. ಮೊದಲ ಎಪಿಸೋಡಿನಲ್ಲಿ ನಮಗೆ ಸಿಗುವ ಮುಖ್ಯ ಹಡಗು ಯುದ್ಧನೌಕೆ ಅಲ್ಲ, ಅನ್ವೇಷಣೆಗೆ ಹೊರಟದ್ದೂ ಅಲ್ಲ. ಅದೊಂದು ನೀರಿನ ಟ್ಯಾಂಕರ್. ಕ್ಯಾಂಟರ್‌ಬರಿ ಅಂತ ಹೆಸರು. ಶನಿಗ್ರಹದ ಉಂಗುರಗಳಿಂದ ಮಂಜುಗಡ್ಡೆ ತುಂಬಿಕೊಂಡು ಸಿರಿಸ್ ಅನ್ನೋ ಕ್ಷುದ್ರಗ್ರಹಕ್ಕೆ ಸಾಗಿಸೋದು ಅದರ ಕೆಲಸ. ಹಳೇ ಹಡಗು, ಗೊಣಗೋ ಸಿಬ್ಬಂದಿ. ಮಂಜುಗಡ್ಡೆಯ ಕೆಲಸದಲ್ಲಿ ಒಬ್ಬ ಕಾರ್ಮಿಕನ ಕೈ ತುಂಡಾಗುತ್ತದೆ. ಆಮೇಲೆ ನಡೆಯೋ ಮಾತು ವೀರತನದ ಬಗ್ಗೆ ಅಲ್ಲ, ಅವನಿಗೆ ಇನ್ನು ಎಂಥ ಕೃತಕ ಕೈ ಸಿಗುತ್ತೆ ಅನ್ನೋದರ ಬಗ್ಗೆ. ಭವಿಷ್ಯ ಅಂದರೆ ಹೀಗೇ ಇರುತ್ತೆ ಅಂತ ನನಗೆ ತಕ್ಷಣ ನಂಬಿಕೆ ಬಂತು.

ಆವತ್ತಿನಿಂದ ಆರು ಸೀಸನ್, 62 ಎಪಿಸೋಡು, ಮೂರು ಸಲ ಪೂರ್ತಿ ನೋಡಿದ್ದೀನಿ. ಕೆಲವು ಎಪಿಸೋಡುಗಳನ್ನ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಹೆಂಡತಿ ಇದನ್ನು "ನಿಮ್ಮ ಧಾರಾವಾಹಿ" ಅಂತಾಳೆ, ನಮ್ಮತ್ತೆ 'ಪುಟ್ಟಗೌರಿ ಮದುವೆ'ಯನ್ನ ನೋಡುತ್ತಿದ್ದ ಹಾಗೆ ನಾನಿದನ್ನ ನೋಡ್ತೀನಿ ಅಂತ ಅವಳ ಆರೋಪ. ಆರೋಪದಲ್ಲಿ ಸತ್ಯಾಂಶ ಇದೆ. ನೋಡದೇ ಇರೋರು ಗಮನಿಸಿ, ಮುಂದೆ ಕಥೆಯ ಕೆಲವು ತಿರುವುಗಳು ಬರುತ್ತವೆ.

ಕಥೆಯ ನೆಲೆ ಇಷ್ಟು. 23ನೇ ಶತಮಾನ. ಭೂಮಿಯನ್ನು ವಿಶ್ವಸಂಸ್ಥೆ ಆಳುತ್ತಿದೆ. ಮಂಗಳ ಸ್ವತಂತ್ರವಾಗಿ, ಶಿಸ್ತಿನ ಮಿಲಿಟರಿ ಶಕ್ತಿಯಾಗಿ ಬೆಳೆದಿದೆ. ಇವೆರಡರಿಂದಾಚೆ, ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಮತ್ತು ಅದರಾಚೆಯ ಉಪಗ್ರಹಗಳಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಜನ ಬೆಲ್ಟರ್‌ಗಳು. ಗಣಿ ಅಗೆಯೋರು ಅವರು, ಹಡಗು ರಿಪೇರಿ ಮಾಡೋರು ಅವರು. ಅವರು ಅಗೆದದ್ದೆಲ್ಲ ಒಳಗ್ರಹಗಳಿಗೆ ಹೋಗುತ್ತದೆ. ಅವರಿಗೆ ಮಾತ್ರ ಕುಡಿಯೋ ನೀರಿಗೂ ಉಸಿರಾಡೋ ಗಾಳಿಗೂ ಲೆಕ್ಕ. ಈ ಮೂರು ಜಗಳಗಂಟರ ನಡುವೆ ಬೇರೆಲ್ಲಿಂದಲೋ ಬಂದ ಒಂದು ವಿಚಿತ್ರ ವಸ್ತು ಬಂದು ಬೀಳುತ್ತದೆ. ಪ್ರೋಟೋಮಾಲಿಕ್ಯೂಲ್ ಅಂತಾರೆ ಅದಕ್ಕೆ. ಅದು ಏನು ಅನ್ನೋದಕ್ಕಿಂತ ಅದನ್ನ ಯಾರು ಇಟ್ಟುಕೊಳ್ಳಬೇಕು ಅನ್ನೋದೇ ಎಲ್ಲರಿಗೂ ಮುಖ್ಯವಾಗುತ್ತದೆ.

ಇಂಜಿನಿಯರುಗಳು ಈ ಸರಣಿಯನ್ನ ಮೆಚ್ಚೋದಕ್ಕೆ ಹೇಳೋ ಕಾರಣ ಸಾಮಾನ್ಯವಾಗಿ ಬೇರೆ: ಭೌತಶಾಸ್ತ್ರ. ಅದೂ ಸರಿಯೇ. ಇಲ್ಲಿ ಹಡಗುಗಳಲ್ಲಿ ಮಾಯದ ಗುರುತ್ವ ಇಲ್ಲ. ಇಂಜಿನ್ ಉರಿದು ಹಡಗು ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ಮಾತ್ರ ಕಾಲಿಗೆ ನೆಲ ಸಿಗುತ್ತದೆ. ಅದಕ್ಕೇ ಹಡಗಿನ ಒಳಗೆ ಮಹಡಿಗಳು ನಮ್ಮ ಅಪಾರ್ಟ್‌ಮೆಂಟಿನ ಹಾಗೆ ಒಂದರ ಮೇಲೊಂದು, ಬುಡದಲ್ಲಿ ಇಂಜಿನ್. ಅರ್ಧ ದಾರಿ ವೇಗ ಹೆಚ್ಚಿಸಿ, ಮಧ್ಯದಲ್ಲಿ ಹಡಗನ್ನ ಹಿಂದುಮುಂದಾಗಿ ತಿರುಗಿಸಿ, ಉಳಿದರ್ಧ ದಾರಿ ಬ್ರೇಕ್ ಹಾಕುತ್ತಾ ಹೋಗಬೇಕು. ಇಂಜಿನ್ ಆಫ್ ಆದರೆ ಬೂಟಿನ ಆಯಸ್ಕಾಂತವೇ ಗತಿ. ಭೂಮಿಯಿಂದ ಗುರುಗ್ರಹದ ಹತ್ತಿರ ಇರುವವರಿಗೆ ಫೋನ್ ಮಾಡಿ ಹರಟೆ ಹೊಡೆಯೋದಕ್ಕೆ ಆಗಲ್ಲ, ಬೆಳಕಿಗೇ ಅಲ್ಲಿಗೆ ತಲುಪೋಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ಮಾತು ರೆಕಾರ್ಡ್ ಮಾಡಿ ಕಳಿಸಿ ಕಾಯಬೇಕು. ಸರಣಿಯ ಮುಖ್ಯಸ್ಥರಾಗಿದ್ದ ನರೇನ್ ಶಂಕರ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ಆಮೇಲೆ ಸ್ಟಾರ್ ಟ್ರೆಕ್‌ಗೆ ವಿಜ್ಞಾನ ಸಲಹೆಗಾರರಾಗಿ ಟಿವಿಗೆ ಬಂದವರು. ಅದರ ಗುರುತು ಇಲ್ಲಿ ಕಾಣುತ್ತೆ.

ಆದರೆ ನನ್ನನ್ನ ಹಿಡಿದದ್ದು ಇಂಜಿನ್ ಅಲ್ಲ. ನಾನು ಪಾವಗಡ ಕಡೆಯವನು. ನಮ್ಮ ಕಡೆಯವರಿಗೆ ಒಂದು ಬಿಂದಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತೆ ಅಂತ ಲೀಟರಲ್ಲಿ ಹೇಳೋಕೆ ಬರದೇ ಇರಬಹುದು, ಆದರೆ ಎಷ್ಟು ಬಿಂದಿಗೆಗೆ ಎಷ್ಟು ಜನ ಎಷ್ಟು ದಿನ ಬದುಕಬಹುದು ಅಂತ ನಿದ್ದೆಗಣ್ಣಲ್ಲೂ ಹೇಳ್ತಾರೆ. ಸಿರಿಸ್‌ನ ಜನ ಕೂಡ ಹಾಗೇ. ಕ್ಯಾಂಟರ್‌ಬರಿ ನಾಶವಾದ ಸುದ್ದಿ ಬಂದಾಗ ಅವರು ಮೊದಲು ಕೇಳೋದು ಯುದ್ಧ ಆಗುತ್ತಾ ಅಂತಲ್ಲ. ಹಾಗಾದ್ರೆ ನೀರು? ಎರಡನೇ ಎಪಿಸೋಡಿನಲ್ಲಿ ಅಲ್ಲಿ ನೀರಿನ ಕಳ್ಳತನದ ತನಿಖೆ ನಡೆಯುತ್ತೆ, ಸಿಕ್ಕಿಬೀಳೋದು ಮಕ್ಕಳು. ಮೊದಲ ಎಪಿಸೋಡಿನಲ್ಲಿ ಮಿಲ್ಲರ್ ಅನ್ನೋ ಪೊಲೀಸಿನವನು ಗಾಳಿಯ ಫಿಲ್ಟರ್ ಬದಲಾಯಿಸದ ಒಬ್ಬನ ಹತ್ತಿರ ಲಂಚ ತಗೊಂಡು ಸುಮ್ಮನಾಗ್ತಾನೆ. ಆಮೇಲೆ ಕೆಮ್ಮುತ್ತಿರೋ ಮಗುವನ್ನ ನೋಡಿ ತಡೆಯಲಾರದೆ ವಾಪಸ್ ಹೋಗಿ ಅವನನ್ನ ಏರ್‌ಲಾಕಿನೊಳಗೆ ಹಾಕಿ ಉಸಿರು ಕಟ್ಟಿಸ್ತಾನೆ. ಗಾಳಿಗೂ ದಲ್ಲಾಳಿ ಇರುವ ಊರು ಅದು.

ನಿಜವಾದ ಸಿರಿಸ್‌ನ ಬಗ್ಗೆ ಗೊತ್ತಿದ್ದರೆ ಈ ಬಾಯಾರಿಕೆ ಇನ್ನೂ ಚುಚ್ಚುತ್ತೆ. 1801ರಲ್ಲಿ ಪಿಯಾಟ್ಸಿ ಕಂಡುಹಿಡಿದ, ಸುಮಾರು 940 ಕಿ.ಮೀ. ವ್ಯಾಸದ ಈ ಕಾಯ ಕ್ಷುದ್ರಗ್ರಹ ಪಟ್ಟಿಯಲ್ಲೇ ದೊಡ್ಡದು. ನಾಸಾದ ಡಾನ್ ನೌಕೆ 2015ರ ಮಾರ್ಚ್‌ನಲ್ಲಿ ಅದರ ಕಕ್ಷೆ ಸೇರಿತು. ಅದೇ ವರ್ಷದ ಕೊನೆಗೆ ಈ ಸರಣಿ ಶುರುವಾಯಿತು. ಸಿರಿಸ್‌ನಲ್ಲಿ ಮಂಜುಗಡ್ಡೆಯ ರೂಪದಲ್ಲಿ ಧಾರಾಳ ನೀರಿದೆ. ಹಾಗಾದರೆ ಸರಣಿಯ ಸಿರಿಸ್ ಯಾಕೆ ಒಣಗಿದೆ? ಕಥೆಯ ಉತ್ತರ ಸರಳ: ಇತ್ತು, ಒಳಗ್ರಹದವರು ತಗೊಂಡು ಹೋದರು. ಈಗ ಅಲ್ಲಿಯವರು ಶನಿಯಿಂದ ಬರುವ ಟ್ಯಾಂಕರಿಗೆ ಕಾಯುತ್ತಾರೆ.

ಮಂಡಿ ನೋವಿನ ಚಿಕಿತ್ಸೆಗೆ ಅಂತ ಅಪ್ಪ ಬೆಂಗಳೂರಿಗೆ ಬಂದು ನಮ್ಮನೇಲಿ ಎರಡು ವಾರ ಇದ್ದರು. ಒಂದು ರಾತ್ರಿ ನಾನಿದನ್ನ ನೋಡ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು. ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಸಬ್‌ಟೈಟಲ್ಲೂ ಇಂಗ್ಲಿಷೇ. ನಾನು ನಮ್ಮೂರ ಭಾಷೆಯಲ್ಲಿ ಅಷ್ಟಷ್ಟು ಹೇಳ್ತಾ ಹೋದೆ. ಸ್ವಲ್ಪ ಹೊತ್ತು ನೋಡಿ, "ಇದು ನೀರಿನ ಲಾರಿನಾ?" ಅಂದರು. ಹೌದು ಅಂದೆ. "ಇಷ್ಟು ದೂರದಿಂದ ತಂದ್ರೆ ಡೀಸೆಲ್ ಖರ್ಚು ಯಾರು ಕೊಡ್ತಾರೆ?" ಅಂದರು. ಆರು ಸೀಸನ್ನಿನ ರಾಜಕೀಯವನ್ನ ಇಷ್ಟು ಚಿಕ್ಕದಾಗಿ ಯಾವ ವಿಮರ್ಶಕನೂ ಹೇಳಿದ್ದನ್ನ ನಾನು ಓದಿಲ್ಲ.

ಅಪ್ಪ ಇನ್ನೊಂದು ದೃಶ್ಯದ ಹತ್ತಿರ ಮುಖ ತಿರುಗಿಸಿದರು. ಭೂಮಿಯಲ್ಲಿ ಒಬ್ಬ ಬೆಲ್ಟರ್ ಕೈದಿಯನ್ನ ವಿಚಾರಣೆ ಮಾಡ್ತಿರ್ತಾರೆ. ಹೊಡೆಯೋದಿಲ್ಲ, ಬಡಿಯೋದಿಲ್ಲ. ಕೊಕ್ಕೆಗೆ ನೇತುಹಾಕಿ ಸುಮ್ಮನೆ ನಿಲ್ಲಿಸಿರ್ತಾರೆ, ಅಷ್ಟೇ. ಕಡಿಮೆ ಗುರುತ್ವದಲ್ಲಿ ಹುಟ್ಟಿ ಬೆಳೆದ ಅವನ ಮೂಳೆಗೆ ಭೂಮಿಯ ತೂಕವೇ ಚಿತ್ರಹಿಂಸೆ. ಇದು ಬರೀ ಕಲ್ಪನೆ ಅಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವ ಗಗನಯಾತ್ರಿಗಳು ವ್ಯಾಯಾಮ ಮಾಡದಿದ್ದರೆ ಸೊಂಟದಂಥ ಭಾರ ಹೊರುವ ಮೂಳೆಗಳಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತಾರೆ. ಅಲ್ಲೇ ಹುಟ್ಟಿದವರ ಕಥೆ ಏನಾಗಬಹುದು ಊಹಿಸಿ. ದುಡ್ಡಿರೋ ಬೆಲ್ಟರ್ ಮಕ್ಕಳಿಗೆ ಒಳ್ಳೇ ಔಷಧ ಸಿಗುತ್ತೆ, ಮೂಳೆ ಗಟ್ಟಿಯಾಗುತ್ತೆ. ಮಿಲ್ಲರ್ ಅನಾಥ. ಅವನಿಗೆ ಸಿಕ್ಕಿದ್ದು ಅಗ್ಗದ ಔಷಧ, ಬೆನ್ನುಮೂಳೆಯ ಮೇಲ್ತುದಿಯಲ್ಲಿ ಅದು ಬಿಟ್ಟುಹೋದ ಗಂಟುಗಳಿವೆ. ಟೋಪಿ, ಕೋಟು ಎಲ್ಲ ಹಾಕಿ ಶೋಕಿ ಮಾಡಿದರೂ ನೋಡಿದವರಿಗೆ ಗೊತ್ತಾಗುತ್ತೆ, ಇವನು ಎಲ್ಲಿಯವನು ಅಂತ.

ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅನ್ನೋದು ಹೊಸ ವಿಷಯವೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದನ್ನ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನಲ್ಲಿ ಕಂದು ಕಲೆ, ಹೆಚ್ಚಾದರೆ ಕೀಲು ಬಿಗಿತ, ಬೆನ್ನು ಬಾಗೋದು. ನನ್ನ ಮುಂದಿನ ಹಲ್ಲಿನಲ್ಲೂ ಆ ಕಲೆ ಇದೆ. ಕಾಲೇಜಿನಲ್ಲಿ ಒಬ್ಬ ಗೆಳೆಯ "ಗುಟ್ಕಾ ಬಿಡೋ" ಅಂತ ಬುದ್ಧಿ ಹೇಳಿದ್ದ, ನಾನು ಗುಟ್ಕಾ ಮುಟ್ಟಿದವನೇ ಅಲ್ಲ. ದಂತವೈದ್ಯರು ಈಗ ಮುಚ್ಚಿಸಿಕೊಳ್ಳಬಹುದು ಅಂತಾರೆ, ಬೆಲೆನೂ ಹೇಳಿದ್ದಾರೆ. ಇನ್ನೂ ಮಾಡಿಸಿಲ್ಲ. ಒಂದು ಊರು ಮನುಷ್ಯನ ಮೂಳೆಯಲ್ಲಿ ಸಹಿ ಹಾಕುತ್ತೆ ಅಂತ ನನಗೆ ಮಿಲ್ಲರ್‌ನ ಬೆನ್ನು ನೋಡುವ ಮೊದಲೇ ಗೊತ್ತಿತ್ತು. ಆದರೆ ಅದನ್ನ ಟಿವಿಯಲ್ಲಿ, ಅದೂ ರಾಕೆಟ್ಟಿನ ಕಥೆಯಲ್ಲಿ ನೋಡ್ತೀನಿ ಅಂತ ಅಂದುಕೊಂಡಿರಲಿಲ್ಲ.

ಈ ಎಳೆ ನಾಲ್ಕನೇ ಸೀಸನ್ನಿನಲ್ಲಿ ತುಂಬಾ ನೋವಿನ ಜಾಗಕ್ಕೆ ಮುಟ್ಟುತ್ತೆ. ನನ್ನ ಮೆಚ್ಚಿನ ಪಾತ್ರ ನೇಯೊಮಿ ನಗಾಟ, ಡೊಮಿನಿಕ್ ಟಿಪ್ಪರ್ ಮಾಡಿದ್ದು. ಬೆಲ್ಟರ್, ಇಂಜಿನಿಯರ್, ಹಡಗಿನಲ್ಲಿರುವ ಎಲ್ಲರಿಗಿಂತ ಬುದ್ಧಿವಂತೆ. ಇಲಸ್ ಅನ್ನೋ ಹೊಸ ಗ್ರಹಕ್ಕೆ ಹೋಗುವಾಗ ಅವಳೂ ಇಳಿಯೋಕೆ ಸಿದ್ಧವಾಗ್ತಾಳೆ. ಔಷಧ ತಗೋತಾಳೆ, ನೋವು ನುಂಗಿ ವ್ಯಾಯಾಮ ಮಾಡ್ತಾಳೆ. ಜೀವನದಲ್ಲಿ ಮೊದಲ ಸಲ ತಲೆ ಮೇಲೆ ಚಾವಣಿ ಇಲ್ಲದ ಆಕಾಶ ನೋಡ್ತಾಳೆ. ಆದರೆ ದೇಹ ಒಪ್ಪಲ್ಲ. ಕುಸಿದು ಬೀಳ್ತಾಳೆ, ಕಕ್ಷೆಯಲ್ಲಿರೋ ಹಡಗಿಗೆ ವಾಪಸ್ ಹೋಗಬೇಕಾಗುತ್ತೆ. ಇಲ್ಲಿ ಅವಳ ಕಡೆಯಿಂದ ಪ್ರಯತ್ನದಲ್ಲಿ ಒಂದಿಷ್ಟೂ ಕೊರತೆ ಇಲ್ಲ. ಕಷ್ಟಪಟ್ಟರೆ ಎಲ್ಲವೂ ಸಾಧ್ಯ ಅಂತ ನಮ್ಮ ಟೌನ್‌ಹಾಲ್ ಮೀಟಿಂಗುಗಳಲ್ಲಿ ಹೇಳ್ತಾರಲ್ಲ, ಆ ಮಾತಿಗೆ ಈ ಸರಣಿ ಕೊಡೋ ಉತ್ತರ ಇದು. ಕೆಲವೊಮ್ಮೆ ಕಷ್ಟಪಟ್ಟರೂ ಆಗಲ್ಲ, ಅದು ನಿನ್ನ ದೋಷ ಅಲ್ಲ.

ಮೂಳೆಯಾದ ಮೇಲೆ ನಾಲಿಗೆ. ಬೆಲ್ಟರ್‌ಗಳಿಗಾಗಿ ನಿಕ್ ಫಾರ್ಮರ್ ಅನ್ನೋ ಭಾಷಾತಜ್ಞ ಒಂದು ಭಾಷೆಯನ್ನೇ ಕಟ್ಟಿದ್ದಾರೆ. ನಾನಾ ದೇಶಗಳಿಂದ ಗಣಿ ಕೆಲಸಕ್ಕೆ ಹೋದ ಜನರ ಮಾತುಗಳೆಲ್ಲ ಕಲಸಿ, ತಲೆಮಾರು ಕಳೆದಂತೆ ತನ್ನದೇ ವ್ಯಾಕರಣ ಪಡೆದ ಕಲಬೆರಕೆ ಭಾಷೆ. ಬಾಸ್‌ಗೆ 'ಬೋಸ್‌ಮಾಂಗ್', ಗೆಳೆಯನಿಗೆ 'ಕೊಪೆಂಗ್', ನಾವು ಬೆಲ್ಟಿನವರು ಅನ್ನೋದಕ್ಕೆ 'ಬೆಲ್ಟಲೋಡಾ', ಒಳಗ್ರಹದವರಿಗೆ 'ಇನ್ಯಲೋಡಾ'. ಮಾತಿನ ಜೊತೆ ಕೈಸನ್ನೆಯೂ ಇದೆ. ಬಾಹ್ಯಾಕಾಶದ ಸೂಟ್ ಹಾಕಿಕೊಂಡರೆ ತಲೆ ಅಲ್ಲಾಡಿಸಿದ್ದು, ಭುಜ ಹಾರಿಸಿದ್ದು ಕಾಣಲ್ಲ. ಅದಕ್ಕೇ ಹೌದು-ಅಲ್ಲಗಳನ್ನ ಕೈಯಲ್ಲಿ ಹೇಳೋ ಅಭ್ಯಾಸ. ಸೂಟ್ ಬಿಚ್ಚಿದ ಮೇಲೂ ಆ ಕೈ ನಿಲ್ಲಲ್ಲ.

ನಮ್ಮೂರು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟೋದು ನಮಗೆ ಉಸಿರಾಡಿದಷ್ಟು ಸಲೀಸು. "ಬಿಂದಿಗೆ ಎತ್ತುಕೋ ರಾ, ಲೇಟಾಯ್ತು" ಅಂದರೆ ನಮ್ಮಲ್ಲಿ ಯಾರಿಗೂ ಅದು ಎರಡು ಭಾಷೆ ಅನಿಸಲ್ಲ. ಬೆಂಗಳೂರಿಗೆ ಬಂದ ಮೇಲೆ ತೆಲುಗಿನವರಿಗೆ ನನ್ನ ತೆಲುಗು ಸರಿ ಇಲ್ಲ, ಕನ್ನಡದವರಿಗೆ ನನ್ನ ಕನ್ನಡದ ರಾಗ ಬೇರೆ, ಆಫೀಸಿನ ಇಂಗ್ಲಿಷಂತೂ ಕೇಳಲೇಬೇಡಿ. ನೇಯೊಮಿ ಭೂಮಿಯವರ ಜೊತೆ ಒಂದು ದನಿಯಲ್ಲಿ, ಬೆಲ್ಟರ್‌ಗಳ ಜೊತೆ ಇನ್ನೊಂದು ದನಿಯಲ್ಲಿ ಮಾತಾಡ್ತಾಳೆ. ಎರಡನೆಯದಕ್ಕೆ ಜಾರಿದಾಗ ಅವಳ ಭುಜ ಕೂಡ ಸಡಿಲವಾಗುತ್ತೆ. ಕ್ಲೈಂಟ್ ಕಾಲ್ ಮುಗಿಸಿ, ಮ್ಯೂಟ್ ಆಗಿದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಊರಿಗೆ ಫೋನ್ ಹಚ್ಚುವವರಿಗೆ ಆ ಸಡಿಲ ಗೊತ್ತಿರುತ್ತೆ.

ಆ ಭಾಷೆಯಲ್ಲಿ ಒಂದು ಬೈಗುಳ ಇದೆ, 'ವೆಲ್‌ವಾಲಾ'. ಗುರುತ್ವದ ಬಾವಿಯನ್ನ ಪ್ರೀತಿಸುವವನು, ಅಂದರೆ ಗ್ರಹದವರ ಕಡೆ ಸೇರಿಕೊಂಡ ಬೆಲ್ಟರ್. ಮಿಲ್ಲರ್‌ಗೆ ಅವನ ಜನ ಕೊಟ್ಟ ಬಿರುದು ಅದು, ಯಾಕೆಂದರೆ ಅವನಿಗೆ ಸಂಬಳ ಕೊಡೋದು ಭೂಮಿಯ ಕಂಪನಿ. ಜಾತ್ರೆಗೆ ಊರಿಗೆ ಹೋದಾಗ "ಏನಪ್ಪಾ, ಬೆಂಗಳೂರಿನೋನು" ಅನ್ನೋ ಮಾತು ನಗುತ್ತಲೇ ಬರುತ್ತಲ್ಲ, ಅದರ ಅನುವಾದ ಬೇಕಿದ್ದರೆ ಇದನ್ನ ಬಳಸಬಹುದು.

ಇನ್ನು ನನ್ನ ಕೆಲಸಕ್ಕೆ ಹತ್ತಿರವಾದ ಒಂದು ದೃಶ್ಯ. ಎರಡನೇ ಸೀಸನ್ನಿನಲ್ಲಿ ಪ್ರಾಕ್ಸ್ ಅನ್ನೋ ಸಸ್ಯವಿಜ್ಞಾನಿ ಬರ್ತಾನೆ. ಗುರುವಿನ ಉಪಗ್ರಹ ಗ್ಯಾನಿಮೀಡ್ ಹೊರಗಿನ ಲೋಕಗಳಿಗೆಲ್ಲ ಅನ್ನ ಬೆಳೆಯೋ ಜಾಗ, ಯುದ್ಧದಲ್ಲಿ ಅದು ಹಾಳಾಗಿದೆ. ರಿಪೇರಿ ನಡೀತಿದೆ, ದೀಪ ಉರೀತಿದೆ, ಜನ ಓಡಾಡ್ತಿದ್ದಾರೆ. ಪ್ರಾಕ್ಸ್ ಮಾತ್ರ ಗಿಡಗಳನ್ನ ನೋಡಿ ಈ ಊರು ಆಗಲೇ ಸತ್ತಿದೆ ಅಂತಾನೆ. ಅವನು ಕೊಡೋ ಕಾರಣ ಇದು: ಕಾಡಿನಂಥ ಸಹಜ ವ್ಯವಸ್ಥೆಯಲ್ಲಿ ಒಂದು ದಾರಿ ಮುಚ್ಚಿದರೆ ನೂರು ದಾರಿ ಇರುತ್ತೆ. ಮನುಷ್ಯ ಕಟ್ಟಿದ ವ್ಯವಸ್ಥೆ ಸರಳ, ದಾರಿಗಳು ಕೆಲವೇ. ಒಂದು ಕೆಟ್ಟರೆ ಅದರ ಭಾರ ಇನ್ನೊಂದರ ಮೇಲೆ, ಅದು ದಣಿದು ಬಿದ್ದರೆ ಮತ್ತೊಂದರ ಮೇಲೆ. ಕೊನೆಗೆ ಯಾವುದು ಮೊದಲು ಕೆಟ್ಟಿತು ಅಂತ ಹುಡುಕೋದೂ ಕಷ್ಟ.

ರಾತ್ರಿ ಎರಡಕ್ಕೆ ಆನ್‌ಕಾಲ್ ಫೋನ್ ಹೊಡೆದುಕೊಂಡು ಎದ್ದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಒಂದು ಸರ್ವರ್ ಮಲಗುತ್ತೆ, ಅದರ ಕೆಲಸ ಪಕ್ಕದ್ದಕ್ಕೆ ಹೋಗುತ್ತೆ, ಪಕ್ಕದ್ದು ಉಸಿರುಗಟ್ಟುತ್ತೆ, ಉತ್ತರ ಬರದ ಪ್ರೋಗ್ರಾಮುಗಳೆಲ್ಲ ಮತ್ತೆ ಮತ್ತೆ ಬಾಗಿಲು ಬಡಿಯುತ್ತವೆ, ಹತ್ತು ನಿಮಿಷದಲ್ಲಿ ಇಡೀ ಸಾಲು ನೆಲಕ್ಕೆ. ಡ್ಯಾಶ್‌ಬೋರ್ಡ್ ಮಾತ್ರ ಇನ್ನೂ ಹಸಿರು ತೋರಿಸ್ತಿರುತ್ತೆ. ನಮ್ಮ ಟೀಮಿಗೆ ಹೊಸದಾಗಿ ಸೇರುವವರಿಗೆ ನಾನು ಸ್ಲೈಡ್ ತೋರಿಸೋದಕ್ಕೆ ಮೊದಲು ಪ್ರಾಕ್ಸ್‌ನ ಆ ನಾಲ್ಕು ನಿಮಿಷ ತೋರಿಸ್ತೀನಿ.

ಆದರೆ ಆ ದೃಶ್ಯ ಬೇರೊಂದು ಕಾರಣಕ್ಕೆ 2024ರ ಮಾರ್ಚಿನಲ್ಲಿ ನೆನಪಾಯ್ತು. ಆ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಿನ ಬೋರ್‌ವೆಲ್‌ಗಳು ಸಾಲಾಗಿ ಬತ್ತಿದವು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು, ನಲ್ಲಿಗಳಿಗೆ ಏರಿಯೇಟರ್ ಹಾಕಿಸಿ ಅಂದಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಟ್ಯಾಂಕರ್ ಬಂತಾ, ಬಂತಾ ಅನ್ನೋದೇ ಮಾತು. ಈಜುಕೊಳ ಬೇಕು ಅಂತ ವೋಟ್ ಹಾಕಿದವರೆಲ್ಲ ಬಕೆಟ್ ಲೆಕ್ಕ ಹಾಕೋದನ್ನ ಕಲಿತರು. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಈ ಊರಿಗೆ ಬರುತ್ತೆ. ಅಷ್ಟು ದೂರದ ಹಗ್ಗಕ್ಕೆ ಒಂದೂವರೆ ಕೋಟಿಯ ಆಸುಪಾಸಿನ ಜನ ಜೋತುಬಿದ್ದಿದ್ದೀವಿ. ದಾರಿಗಳು ಕೆಲವೇ.

ಎಕ್ಸ್‌ಪ್ಯಾನ್ಸ್ ಅಭಿಮಾನಿಯಾಗಿ ಇಷ್ಟು ವರ್ಷ ನನ್ನನ್ನ ಬೆಲ್ಟರ್ ಜೊತೆಗೇ ಗುರುತಿಸಿಕೊಂಡು ನೋಡಿದ್ದೀನಿ. ಹಲ್ಲಿನ ಕಲೆ, ನಾಲಿಗೆಯ ಕಲಬೆರಕೆ, ಬಿಂದಿಗೆ ಲೆಕ್ಕ, ಎಲ್ಲಾ ದಾಖಲೆ ಇದೆಯಲ್ಲ. ಆದರೆ ಮೂರನೇ ಸಲ ನೋಡುವಾಗ ಸರಣಿ ಬೇರೊಂದು ಪ್ರಶ್ನೆ ಕೇಳೋಕೆ ಶುರು ಮಾಡಿತು. ಪಾವಗಡದಲ್ಲಿ ಈಗ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರು ಜಮೀನನ್ನ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆಯಿಲ್ಲದ ನೆಲಕ್ಕೆ ವರ್ಷಾ ವರ್ಷಾ ಖಾತ್ರಿ ದುಡ್ಡು ಬರೋದು ಸಣ್ಣ ಮಾತಲ್ಲ, ಅದನ್ನ ತಗೊಂಡವರು ನನಗೆ ಗೊತ್ತು, ಅವರನ್ನ ನಾನು ತಪ್ಪೆನ್ನೋದಿಲ್ಲ. ಅಲ್ಲಿ ಕಾದ ಬಿಸಿಲು ಗ್ರಿಡ್‌ಗೆ ಸೇರುತ್ತೆ. ನನ್ನ ಎಸಿ, ನನ್ನ ಲ್ಯಾಪ್‌ಟಾಪು, ಇದನ್ನೆಲ್ಲ ನೋಡೋ ನನ್ನ ಟಿವಿ ಅದೇ ಗ್ರಿಡ್‌ನಲ್ಲಿ ಇರೋದು. ನಮ್ಮ ಕಾಲದ ಮಂಜುಗಡ್ಡೆ ಹಡಗು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ಅಂತ ನೋಡಿದರೆ, ನಾನು ನಿಂತಿರೋದು ಅದು ಇಳಿಯುವ ದಡದಲ್ಲಿ. ಮೂಳೆ ಬೆಲ್ಟಿನದು, ವಿಳಾಸ ಭೂಮಿಯದು.

ಸರಣಿಯ ದೊಡ್ಡತನ ಏನಂದರೆ, ಇಂಥ ಗೊಂದಲದಲ್ಲಿರುವವನಿಗೆ ಅದು ಸುಲಭದ ಸಮಾಧಾನ ಕೊಡಲ್ಲ. ನಾಲ್ಕನೇ ಸೀಸನ್ನಿನಲ್ಲಿ ಮಾರ್ಕೋ ಇನಾರೋಸ್ ಬರ್ತಾನೆ. ಬೆಲ್ಟಿನವರ ನೋವನ್ನೆಲ್ಲ ಅರೆದು ಕುಡಿದ ನಾಯಕ. ಅವನು ಪಟ್ಟಿ ಮಾಡೋ ಅನ್ಯಾಯಗಳಲ್ಲಿ ಒಂದೂ ಸುಳ್ಳಿಲ್ಲ. ಅದನ್ನೆಲ್ಲ ಹೇಳುತ್ತಾ ಅವನು ರಾಡಾರಿಗೆ ಕಾಣದಂತೆ ಲೇಪನ ಬಳಿದ ಬಂಡೆಗಳನ್ನ ಭೂಮಿಯ ಮೇಲೆ ಎಸೆಯುತ್ತಾನೆ, ಲೆಕ್ಕವಿಲ್ಲದಷ್ಟು ಜನ ಸಾಯ್ತಾರೆ. ಆರನೇ ಸೀಸನ್ನಿನಲ್ಲಿ ಸಿರಿಸ್ ಬಿಟ್ಟು ಓಡುವಾಗ ಅಲ್ಲಿನ ದಾಸ್ತಾನನ್ನೆಲ್ಲ ಖಾಲಿ ಮಾಡಿ, ತನ್ನದೇ ಜನರನ್ನ ಹಸಿವಿಗೆ ಬಿಟ್ಟು ಹೋಗ್ತಾನೆ. ಅವರನ್ನ ಸಾಕೋ ಭಾರ ಶತ್ರುವಿನ ಮೇಲೆ ಬೀಳಲಿ ಅನ್ನೋದು ಅವನ ತಂತ್ರ. ನೀರು ಕದ್ದರು ಅಂತ ಕೂಗಿದವನೇ ಕೊನೆಗೆ ಉಗ್ರಾಣ ಬರಿದು ಮಾಡಿದ. ನೋವು ನಿಜವಾದ ಮಾತ್ರಕ್ಕೆ ಅದನ್ನ ಹೊತ್ತು ಭಾಷಣ ಮಾಡುವವನು ನಿಜವಾಗಬೇಕಿಲ್ಲ. ನಮ್ಮ ಪುಣ್ಯಕ್ಕೆ ಇಂಥವರನ್ನ ಗುರುತಿಸೋ ಅಭ್ಯಾಸಕ್ಕೆ ನಮಗೇನೂ ಅವಕಾಶ ಕಡಿಮೆ ಇಲ್ಲ.

ಇವನಿಗೆ ಎದುರಾಗಿ ನಿಲ್ಲೋದು ನೇಯೊಮಿಯೇ. ಅವನು ಒಂದು ಕಾಲದಲ್ಲಿ ಅವಳ ಸಂಗಾತಿ, ಅವರ ಮಗ ಅವನ ಜೊತೆಯಲ್ಲಿದ್ದಾನೆ. ಅವಳು ಸೂಟಿಲ್ಲದೆ ಬಾಹ್ಯಾಕಾಶಕ್ಕೆ ಜಿಗಿದು ಇನ್ನೊಂದು ಹಡಗು ಸೇರ್ತಾಳೆ. ಆ ಹಡಗಿನಲ್ಲಿ ಬಾಂಬ್ ಇದೆ, ರೇಡಿಯೋ ಕೈಗೆ ಸಿಗಲ್ಲ, ಅವಳದೇ ದನಿಯ ಒಂದು ನಕಲಿ ಸಹಾಯದ ಕರೆ ಮಾತ್ರ ತಿರುಗಿ ತಿರುಗಿ ಪ್ರಸಾರವಾಗ್ತಿದೆ, ಗೆಳೆಯರನ್ನ ಬಲೆಗೆ ಎಳೆಯೋದಕ್ಕೆ. ಅವಳು ಏನು ಮಾಡ್ತಾಳೆ? ಪ್ರಸಾರವನ್ನ ಸರಿಯಾದ ಜಾಗದಲ್ಲಿ ತಡೆದು ತಡೆದು, ಆ ಸುಳ್ಳಿನ ಪದಗಳಲ್ಲೇ ಕೆಲವನ್ನ ಅಳಿಸಿ ಎಚ್ಚರಿಕೆಯ ಮಾತಾಗಿ ಬದಲಾಯಿಸ್ತಾಳೆ. ಬಂದೂಕಿಲ್ಲ, ಭಾಷಣವಿಲ್ಲ. ಕೈಗೆ ಸಿಕ್ಕ ಕೆಟ್ಟ ವ್ಯವಸ್ಥೆಯೊಳಗೆ, ಸಿಕ್ಕ ಅಷ್ಟೇ ತಂತಿಯಿಂದ, ಒಂದು ನಿಜ ಹೇಳೋದು. ಇಂಜಿನಿಯರ್ ಅನ್ನೋ ಪದಕ್ಕೆ ನನಗೆ ಗೊತ್ತಿರೋ ಅತ್ಯಂತ ಗೌರವದ ದೃಶ್ಯ ಅದು.

ಅಭಿಮಾನಿ ಅಂದ ಮಾತ್ರಕ್ಕೆ ಕುರುಡಾಗಬೇಕಿಲ್ಲ. ಡೇನಿಯಲ್ ಏಬ್ರಹಾಂ ಮತ್ತು ಟೈ ಫ್ರಾಂಕ್ ಜೋಡಿ ಜೇಮ್ಸ್ ಎಸ್. ಎ. ಕೋರಿ ಅನ್ನೋ ಹೆಸರಲ್ಲಿ 2011ರಿಂದ 2021ರವರೆಗೆ ಒಂಬತ್ತು ಕಾದಂಬರಿ ಬರೆದರು, ಸರಣಿ ಆರಕ್ಕೇ ನಿಂತಿತು. ಹಾಗಾಗಿ ಪ್ರೋಟೋಮಾಲಿಕ್ಯೂಲ್ ಕಥೆ ಟಿವಿಯಲ್ಲಿ ಅರ್ಧಕ್ಕೇ ಉಳಿದಿದೆ. ಕೊನೆಯ ಸೀಸನ್ನಿಗೆ ಆರೇ ಎಪಿಸೋಡು, ಓಟ ಜಾಸ್ತಿ, ಉಸಿರು ಕಡಿಮೆ. ಮಾರ್ಕೋ ಕೆಲವೊಮ್ಮೆ ನಾಟಕದ ಖಳನ ಹಾಗೆ ಕೂದಲು ಹಾರಿಸ್ತಾನೆ. ಮೊದಲ ನಾಲ್ಕು ಎಪಿಸೋಡು ಯಾರು ಯಾರ ಕಡೆ ಅಂತ ತಿಳಿಯದೆ ತಲೆ ಕೆಡುತ್ತೆ. ತಾಳ್ಮೆಯಿಂದ ದಾಟಿ, ಆಮೇಲೆ ಬಿಡೋಕಾಗಲ್ಲ.

ಇದು ಬದುಕಿದ ಕಥೆಯೇ ಒಂದು ವಿಪರ್ಯಾಸ. 2018ರ ಮೇ ತಿಂಗಳಲ್ಲಿ ಸೈಫೈ ಚಾನೆಲ್ ಮೂರು ಸೀಸನ್ನಿಗೇ ಸಾಕು ಅಂದಿತು. ಲಕ್ಷಕ್ಕೂ ಹೆಚ್ಚು ಅಭಿಮಾನಿಗಳು ಸಹಿ ಹಾಕಿದರು. ದುಡ್ಡು ಕೂಡಿಸಿ ಸಣ್ಣ ವಿಮಾನ ಬಾಡಿಗೆಗೆ ತಗೊಂಡು, ಸರಣಿ ಉಳಿಸಿ ಅನ್ನೋ ಬ್ಯಾನರ್ ಕಟ್ಟಿ ಅಮೆಜಾನ್ ಸ್ಟುಡಿಯೋಸ್ ಕಚೇರಿಯ ಮೇಲೆ ಹಾರಿಸಿದರು. ಅದೇ ತಿಂಗಳ 25ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಬಾಹ್ಯಾಕಾಶ ಸಮ್ಮೇಳನದಲ್ಲಿ ಜೆಫ್ ಬೆಜೋಸ್, ಕಲಾವಿದರು ಎದುರಿಗೇ ಕೂತಿರುವಾಗ, ಸರಣಿ ಉಳಿಯಿತು ಅಂತ ಘೋಷಿಸಿದರು. ಭಾರೀ ಕೈಗಾರಿಕೆಗಳನ್ನೆಲ್ಲ ಬಾಹ್ಯಾಕಾಶಕ್ಕೆ ಸಾಗಿಸಬೇಕು, ಲಕ್ಷಾಂತರ ಜನ ಅಲ್ಲಿ ಬದುಕಿ ದುಡಿಯಬೇಕು ಅನ್ನೋದು ಅವರ ಕನಸು, ಅದಕ್ಕಾಗಿ ರಾಕೆಟ್ ಕಂಪನಿಯನ್ನೇ ಕಟ್ಟಿದ್ದಾರೆ. ಅಲ್ಲಿ ದುಡಿಯುವವರಿಗೆ ಗಾಳಿ-ನೀರಿನ ಬಿಲ್ ಯಾರು ಕೊಡ್ತಾರೆ ಅಂತ 62 ಎಪಿಸೋಡು ಕೇಳುವ ಸರಣಿಯನ್ನ ಉಳಿಸಿದ್ದೂ ಅವರೇ. ಮೇಲಿನವರು ನಮ್ಮ ಕಥೆಯನ್ನ ಇಷ್ಟಪಟ್ಟು ನೋಡ್ತಾರೆ, ಅದೇನೂ ಸುಳ್ಳಲ್ಲ. ನೋಡಿದ್ದನ್ನ ಏನು ಮಾಡ್ತಾರೆ ಅನ್ನೋದೇ ಪ್ರಶ್ನೆ.

ಅದಕ್ಕೆ ಸರಣಿಯ ಕೊನೆಯ ಎಪಿಸೋಡು ಒಂದು ಉತ್ತರ ಇಟ್ಟಿದೆ, ಅದು 2022ರ ಜನವರಿ 14ರಂದು ಬಂತು. ಯುದ್ಧ ಮುಗಿದಿದೆ. ಹೊಸ ಲೋಕಗಳ ದಾರಿ ಕಾಯೋಕೆ ಒಂದು ಸಾರಿಗೆ ಒಕ್ಕೂಟ ಆಗಬೇಕು. ನ್ಯಾಯವಾಗಿ ಅದು ಬೆಲ್ಟರ್‌ಗಳ ಕೈಯಲ್ಲಿರಬೇಕು, ಆದರೆ ಒಳಗ್ರಹದವರಿಗೆ ಅವರನ್ನ ನಂಬೋಕೆ ಧೈರ್ಯ ಇಲ್ಲ. ಒಪ್ಪಂದಕ್ಕೆ ಬಂದು ಭೂಮಿಯವನಾದ ಹೋಲ್ಡನ್‌ನನ್ನ ಅಧ್ಯಕ್ಷ ಮಾಡ್ತಾರೆ, ಬೆಲ್ಟರ್ ನಾಯಕಿ ಡ್ರಮ್ಮರ್ ಉಪಾಧ್ಯಕ್ಷೆ. ಎಲ್ಲರಿಗೂ ಮೆಚ್ಚುಗೆಯಾಗುವ ಒಳ್ಳೆಯ ಮನುಷ್ಯ ಹೋಲ್ಡನ್, ಇನ್ನೇನು ಬೇಕು? ಅವನು ಎದ್ದು ನಿಂತು, ಎಲ್ಲರ ಮುಂದೆ, ಆ ಕ್ಷಣದಲ್ಲೇ ರಾಜೀನಾಮೆ ಕೊಡ್ತಾನೆ. ಕುರ್ಚಿ ತಾನಾಗಿ ಡ್ರಮ್ಮರ್‌ಗೆ ಹೋಗುತ್ತೆ. ಅವಳ ಪರವಾಗಿ ಮಾತಾಡೋದನ್ನ ಅವನು ಅಲ್ಲಿಗೆ ನಿಲ್ಲಿಸ್ತಾನೆ, ಯಾಕೆಂದರೆ ಈಗ ಮಾತಾಡೋಕೆ ಅವಳೇ ಇದ್ದಾಳೆ.

ಮೊನ್ನೆ ಊರಿನ ಹುಡುಗಿಯೊಬ್ಬಳು ಇಂಟರ್ನ್‌ಶಿಪ್ಪಿಗೆ ನಮ್ಮ ಕಂಪನಿಗೆ ಸೇರಿದಳು. ಮೊದಲ ವಾರದ ಮೀಟಿಂಗಿನಲ್ಲಿ ಅವಳು ಮಾಡಿದ ಕೆಲಸವನ್ನ ಅವಳ ಪರವಾಗಿ ನೀನೇ ವಿವರಿಸು, ಅವಳಿಗೆ ಇಂಗ್ಲಿಷ್ ಇನ್ನೂ ಅಷ್ಟಿಲ್ಲ ಅಂತ ಮ್ಯಾನೇಜರ್ ನನಗೆ ಮೆಸೇಜ್ ಮಾಡಿದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ನಾನು ಸ್ಕ್ರೀನ್ ಹಂಚಿಕೊಂಡು, ಅವಳ ಹೆಸರು ಹೇಳಿ, ನನ್ನ ಮೈಕ್ ಮ್ಯೂಟ್ ಮಾಡಿ ಕೂತೆ. ಅವಳು ತಡವರಿಸಿದಳು, ನಿಂತಳು, ಮತ್ತೆ ಶುರು ಮಾಡಿದಳು. ಹನ್ನೊಂದು ನಿಮಿಷ ಮಾತಾಡಿದಳು. ಮಾತಾಡುವಾಗ ಅವಳ ಕೈಗಳು ಗಾಳಿಯಲ್ಲಿ ಅಗಲವಾಗಿ ಆಡುತ್ತಿದ್ದವು, ನಮ್ಮೂರಿನವರು ದೂರದ ಹೊಲದಲ್ಲಿರೋರಿಗೆ ಸನ್ನೆ ಮಾಡ್ತಾರಲ್ಲ, ಹಾಗೆ.